ಬಾವುಟದ ಮೂಲೆಯಲ್ಲೊಂದು ಮೊಹರು

ಅಂಚೆಚೀಟಿ ಕೂಡಿಡೋರು, ಹಳೇ ನಾಣ್ಯ ಹುಡುಕೋರು ನಮಗೆಲ್ಲ ಗೊತ್ತು. ಬಾವುಟಗಳ ಹಿಂದೆ ಬಿದ್ದವರೂ ಇದ್ದಾರೆ! ಆ ಅಧ್ಯಯನಕ್ಕೆ ವೆಕ್ಸಿಲಾಲಜಿ ಅಂತ ಹೆಸರಿಟ್ಟವರು ಅಮೆರಿಕದ ವಿಟ್ನಿ ಸ್ಮಿತ್. ಗಯಾನಾ ದೇಶದ ಬಾವುಟವೂ ಅವರದೇ ವಿನ್ಯಾಸ. ಇಡೀ ಉತ್ತರ ಅಮೆರಿಕಕ್ಕೆ ಇಂಥವರ ದೊಡ್ಡ ಸಂಘವೊಂದು 1967ರಲ್ಲೇ ಶುರುವಾಗಿದೆ. ನನಗೆ ಹೆಚ್ಚು ಇಷ್ಟವಾಗಿದ್ದು ಮಾತ್ರ ಆರೆಗನ್ ರಾಜ್ಯದ ಪುಟ್ಟ ಕೂಟ, ಪೋರ್ಟ್‌ಲ್ಯಾಂಡ್ ಫ್ಲ್ಯಾಗ್ ಅಸೋಸಿಯೇಷನ್.

ಸಭೆ ಅಂದ್ರೆ ಭಾರೀ ಭಾಷಣವೇನಿಲ್ಲ. ಬಂದವರು ತಮ್ಮ ಬಾವುಟ ಬಿಡಿಸಿ ತೋರಿಸ್ತಾರೆ, ಅದರ ಕತೆ ಹೇಳ್ತಾರೆ. ಮಾಡೋಕೆ ಬೇರೆ ಕೆಲಸ ಇಲ್ವಾ ಅನ್ನಿಸಬಹುದು. ಆದರೆ ಇವರು ತಮ್ಮ ಊರಿನ ಬಾವುಟವನ್ನೇ ಸರಿಮಾಡಿಸಿದರು.

ಪೋರ್ಟ್‌ಲ್ಯಾಂಡ್ ನಗರದ ಬಾವುಟವನ್ನು ಡಗ್ಲಸ್ ಲಿಂಚ್ ಅನ್ನೋ ಕಲಾವಿದರು ರೂಪಿಸಿದ್ದು. ಕಾಡಿಗೆ ಹಸಿರು, ನದಿಗಳಿಗೆ ನೀಲಿ, ಬೆಳೆ ಮತ್ತು ವ್ಯಾಪಾರಕ್ಕೆ ಹಳದಿ. 1969ರಲ್ಲಿ ಅದು ಜಾರಿಗೆ ಬಂದಾಗ ಮೂಲೆಯಲ್ಲಿ ನಗರದ ಮೊಹರು ಕೂತಿತ್ತು. ಮೊಹರು ಇರೋದು ಕಾಗದದ ಮೇಲೆ ಒತ್ತೋಕೆ. ಕಂಬದ ತುದಿಯಲ್ಲಿ ಪಟಪಟ ಅಂತಿರೋ ಬಟ್ಟೆಯ ಮೇಲೆ ಅದನ್ನು ಯಾರು ಓದ್ತಾರೆ? ಒಂದೇ ಪದರದ ಬಟ್ಟೆಯಾದರೆ ಹಿಂಬದಿಯಿಂದ ಅಕ್ಷರವೆಲ್ಲ ಉಲ್ಟಾ ಬೇರೆ! ಲಿಂಚ್ ಮತ್ತು ಸಂಘದವರು ನಗರಸಭೆಯ ಮುಂದೆ ಹೋಗಿ ವಾದಿಸಿ, 2002ರಲ್ಲಿ ಮೊಹರು ತೆಗೆಸಿದರು. ಮೂವತ್ಮೂರು ವರ್ಷ ಹಿಡೀತು ನೋಡಿ. ಈಗ ಅಲ್ಲಿ ಫುಟ್‌ಬಾಲ್ ಅಭಿಮಾನಿಗಳೂ ಅದೇ ಬಾವುಟ ಬೀಸ್ತಾರೆ.

ಅದೇ ಸಂಘದ ಟೆಡ್ ಕೇ ಎಂಬುವರು ಬಾವುಟ ಹೇಗಿರಬೇಕು ಅಂತ ಒಂದು ಚಿಕ್ಕ ಪುಸ್ತಕ ಮಾಡಿದ್ದಾರೆ. ಮಗು ನೆನಪಿನಿಂದಲೇ ಬಿಡಿಸುವಷ್ಟು ಸರಳವಾಗಿರಲಿ, ಎರಡು ಮೂರು ಬಣ್ಣ ಸಾಕು, ಅಕ್ಷರ, ಮೊಹರು ಬೇಡ ಅನ್ನೋದು ಅದರಲ್ಲಿರೋ ಮಾತು.

ಅದನ್ನು ಓದ್ತಾ ನನಗೆ ನಮ್ಮ ಹಳದಿ-ಕೆಂಪು ಬಾವುಟ ನೆನಪಾಯ್ತು. 1960ರ ದಶಕದಲ್ಲಿ ಮ. ರಾಮಮೂರ್ತಿಯವರು ಕೊಟ್ಟಿದ್ದು. ಅರಿಶಿನ, ಕುಂಕುಮ, ಅಷ್ಟೇ. ರಾಜ್ಯೋತ್ಸವದ ಹಿಂದಿನ ದಿನ ಎರಡು ಬ್ಲೌಸ್‌ಪೀಸ್ ಜೋಡಿಸಿ ಹೊಲಿದರೂ ಆಯ್ತು. 2018ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ನಡುವೆ ಬಿಳಿ ಪಟ್ಟಿ, ಅದರಲ್ಲಿ ರಾಜ್ಯ ಲಾಂಛನ ಇರೋ ಹೊಸ ಬಾವುಟಕ್ಕೆ ಒಪ್ಪಿಗೆ ಕೊಟ್ಟು ಕೇಂದ್ರಕ್ಕೆ ಕಳಿಸಿತು. ನಾಡಿಗೆ ಅಧಿಕೃತ ಬಾವುಟ ಬೇಕು ಅನ್ನೋ ಆಸೆ ನನಗೂ ಇದೆ. ಗಂಡಭೇರುಂಡದ ಮೇಲೆ ಗೌರವವೂ ಇದೆ. ಆದರೆ ಎರಡು ತಲೆಯ ಹಕ್ಕಿ, ಅಕ್ಕಪಕ್ಕ ಆನೆಮುಖದ ಸಿಂಹ, ಮೇಲೆ ಅಶೋಕನ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’... ಇಷ್ಟನ್ನೂ ಮನೆಯಲ್ಲಿ ಹೊಲಿಯೋರು ಯಾರು? ಪ್ರೆಸ್‌ಗೇ ಹೋಗಬೇಕು.

ಆ ಕಡತ ಮತ್ತೆ ತೆರೆಯೋದಾದರೆ, ಮೊದಲು ಒಂದನೇ ಕ್ಲಾಸಿನ ಮಗುವಿನ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟು ನೋಡಲಿ.