ಸಿನಿಮಾ ಕಳ್ಳಪ್ರತಿ: ಕಾನೂನಿನ ಕೈ ಯಾರವರೆಗೆ ಚಾಚುತ್ತದೆ?

2025ರ ನವೆಂಬರ್ ತಿಂಗಳಲ್ಲಿ ಹೈದರಾಬಾದ್ ಪೊಲೀಸರು 'ಐಬೊಮ್ಮ' ಎಂಬ ಜಾಲತಾಣವನ್ನು ನಡೆಸುತ್ತಿದ್ದ ಆರೋಪದ ಮೇಲೆ ಒಬ್ಬ ವ್ಯಕ್ತಿಯನ್ನು ಬಂಧಿಸಿದರು. ಹೊಸ ತೆಲುಗು ಚಿತ್ರಗಳನ್ನು ಪುಕ್ಕಟೆಯಾಗಿ ಒದಗಿಸುತ್ತಿದ್ದ ತಾಣವದು. ತೆಲುಗು ಚಿತ್ರರಂಗದ ಹಿರಿಯರು ನಗರ ಪೊಲೀಸ್ ಆಯುಕ್ತರನ್ನು ಭೇಟಿಯಾಗಿ ಧನ್ಯವಾದ ಹೇಳಿದರು. ಆದರೆ ಸಾಮಾಜಿಕ ಜಾಲತಾಣಗಳಲ್ಲಿ ಬೇರೆಯೇ ದನಿ ಕೇಳಿಬಂತು. ಬಡವರಿಗೂ ಸಿನಿಮಾ ತೋರಿಸಿದವನು ಅವನು, ಟಿಕೆಟ್ ಬೆಲೆ ಏರಿಸಿದವರನ್ನು ಕೇಳುವವರಿಲ್ಲವೇ ಎಂದು ಬರೆದವರು ಒಬ್ಬಿಬ್ಬರಲ್ಲ. ಕಳ್ಳತನದ ಆರೋಪ ಹೊತ್ತವನ ಪರವಾಗಿ ಇಷ್ಟು ಜನ ಮಾತನಾಡಿದ್ದು ಯೋಚಿಸಬೇಕಾದ ಸಂಗತಿ.

ಈ ಪ್ರಶ್ನೆ ಹೈದರಾಬಾದಿಗೆ ಮಾತ್ರ ಸೇರಿದ್ದಲ್ಲ. ಹಾಸನ ಜಿಲ್ಲೆ ಅರಕಲಗೂಡು ತಾಲೂಕಿನ ರಾಮನಾಥಪುರವನ್ನೇ ತೆಗೆದುಕೊಳ್ಳೋಣ. ಕಾವೇರಿ ದಂಡೆಯ ದೇವಾಲಯಗಳ ಊರು, ಷಷ್ಠಿ ಜಾತ್ರೆಯ ಊರು, ತಂಬಾಕು ಹರಾಜು ಮಾರುಕಟ್ಟೆಯ ಊರು. ಅಲ್ಲಿಯ ಯುವಕನೊಬ್ಬ ಮಲ್ಟಿಪ್ಲೆಕ್ಸಿನಲ್ಲಿ ಹೊಸ ಚಿತ್ರ ನೋಡಬೇಕೆಂದರೆ ಹಾಸನದ ಕಡೆಗೋ ಮೈಸೂರಿನ ಕಡೆಗೋ ಬಸ್ಸು ಹತ್ತಬೇಕು. ಟಿಕೆಟ್, ಬಸ್ ಚಾರ್ಜು, ಊಟ ಸೇರಿದರೆ ಒಂದು ದಿನದ ಕೂಲಿ ಮುಗಿಯಿತು. ಅದೇ ಚಿತ್ರ ಟೆಲಿಗ್ರಾಂನಲ್ಲಿ ಆ ದಿನ ಸಂಜೆಯೇ ಸಿಗುತ್ತದೆ. ಹಿಂದೆ ವಿ.ಸಿ.ಡಿ. ಇತ್ತು, ನಂತರ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಸಿನಿಮಾ ತುಂಬಿಸಿಕೊಳ್ಳುವ ಕಾಲ ಬಂತು, ಈಗ ಒಂದು ಲಿಂಕ್ ಸಾಕು. ಘಟ್ಟದ ಮೇಲಿನ ಈ ಊರುಗಳ ಮಾತನ್ನೇ ಕರಾವಳಿಯ ನಮ್ಮ ಧರ್ಮಕೇಂದ್ರಗಳ ಬಗ್ಗೆಯೂ ಹೇಳಬಹುದು.

ಹಾಗಾದರೆ ಲಿಂಕ್ ಒತ್ತಿದವನ ಮನೆಗೂ ಪೊಲೀಸರು ಬರುತ್ತಾರೆಯೇ? ಪಾಲಕರೂ ಯುವಜನ ಸಂಚಾಲಕರೂ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದೇ ಆದ್ದರಿಂದ ಮೊದಲು ಇದನ್ನೇ ನೋಡೋಣ.

ನಮ್ಮ ದೇಶದಲ್ಲಿ ಇದಕ್ಕೆ ಮೂಲ ಕಾನೂನು 1957ರ ಕೃತಿಸ್ವಾಮ್ಯ ಕಾಯ್ದೆ. ಅದರ 63ನೇ ಕಲಮಿನ ಪ್ರಕಾರ ತಿಳಿದೂ ಹಕ್ಕು ಉಲ್ಲಂಘಿಸಿದವನಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಕಾರಣ ದಾಖಲಿಸಿ ಶಿಕ್ಷೆ ಕಡಿಮೆ ಮಾಡಬಹುದು. ಈ ಅಪರಾಧ ಸಂಜ್ಞೇಯ ಹಾಗೂ ಜಾಮೀನುರಹಿತ ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಹೇಳಿತು. ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದು, ಜಾಮೀನು ಕೇಳಲು ನ್ಯಾಯಾಲಯಕ್ಕೇ ಹೋಗಬೇಕು. ಇದರ ಮೇಲೆ 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಬಂತು. ಚಿತ್ರಮಂದಿರದಲ್ಲಿ ಅನುಮತಿಯಿಲ್ಲದೆ ಕ್ಯಾಮೆರಾ ಹಿಡಿಯುವುದು, ಆ ಪ್ರತಿಯನ್ನು ಹಂಚುವುದು ಎರಡಕ್ಕೂ ಮೂರು ತಿಂಗಳಿಂದ ಮೂರು ವರ್ಷ ಸೆರೆವಾಸ. ದಂಡ ಕನಿಷ್ಠ 3 ಲಕ್ಷ ರೂಪಾಯಿ, ಗರಿಷ್ಠ ಚಿತ್ರದ ನಿರ್ಮಾಣ ವೆಚ್ಚದ ಶೇಕಡಾ 5. ನೂರು ಕೋಟಿಯ ಚಿತ್ರವಾದರೆ ಐದು ಕೋಟಿ! ಮೊಬೈಲ್ ಎತ್ತಿ ಹಿಡಿದ ಹುಡುಗನ ಏಳು ತಲೆಮಾರು ದುಡಿದರೂ ತೀರದ ಮೊತ್ತ.

ಆದರೆ ಬರೀ ನೋಡಿದವನ ವಿಷಯವೇನು? 2016ರಲ್ಲಿ ಇದು ಬಾಂಬೆ ಹೈಕೋರ್ಟಿನ ಮುಂದೆ ಬಂದಿತ್ತು. ಆ ವರ್ಷ ತಡೆಹಿಡಿದ ತಾಣಗಳನ್ನು ತೆರೆದರೆ, ಇದನ್ನು ನೋಡುವುದೂ ಶಿಕ್ಷಾರ್ಹ ಎಂಬ ಎಚ್ಚರಿಕೆ ಕಾಣುತ್ತಿತ್ತು. ದೇಶದಲ್ಲೆಲ್ಲ ಗಾಬರಿ. 'ಡಿಶೂಂ' ಚಿತ್ರದ ಪ್ರಕರಣದಲ್ಲಿ ನ್ಯಾಯಮೂರ್ತಿ ಗೌತಮ್ ಪಟೇಲ್ ಆ ಒಕ್ಕಣೆಯನ್ನು ತಿದ್ದಿಸಿದರು. ಕೇವಲ ನೋಡುವುದು ಅಪರಾಧವಲ್ಲ. ಹಕ್ಕುದಾರನಿಗೆ ನಷ್ಟವಾಗುವಂತೆ ಹಂಚುವುದು, ಸಾರ್ವಜನಿಕವಾಗಿ ಪ್ರದರ್ಶಿಸುವುದು, ಮಾರುವುದು, ಬಾಡಿಗೆಗೆ ಕೊಡುವುದು ಅಪರಾಧ ಎಂಬುದು ಅವರ ವಿವರಣೆಯ ಸಾರ. ಖಾಸಗಿ ಬಳಕೆಯ ವಿನಾಯಿತಿಯೊಂದು ಕಾಯ್ದೆಯಲ್ಲಿದೆ ನಿಜ. ಆದರೆ ಕದ್ದ ಪ್ರತಿಯಿಂದ ಇಡೀ ಸಿನಿಮಾವನ್ನು ಇಳಿಸಿಕೊಂಡವನಿಗೂ ಅದು ರಕ್ಷಣೆ ಕೊಡುತ್ತದೆ ಎಂದು ಧೈರ್ಯವಾಗಿ ಕೂರುವಂತಿಲ್ಲ.

ಹೀಗಾಗಿ ಗೆರೆ ಎಲ್ಲಿದೆಯೆಂದರೆ, ನೋಡುವವನಿಗೂ ಹಂಚುವವನಿಗೂ ನಡುವೆ. ತೊಂದರೆಯೆಂದರೆ ಈ ಗೆರೆಯನ್ನು ನಮ್ಮ ಮೊಬೈಲುಗಳು ಅಳಿಸಿಹಾಕಿವೆ. ವಿ.ಸಿ.ಡಿ. ಕಾಲದಲ್ಲಿ ಹಂಚುವವನಿಗೆ ಅಂಗಡಿ ಬೇಕಿತ್ತು, ನಕಲು ಮಾಡುವ ಯಂತ್ರ ಬೇಕಿತ್ತು. ಈಗ 'ಫಾರ್ವರ್ಡ್' ಒತ್ತಿದರೆ ಅವನೇ ಹಂಚುವವನು. ಟೊರೆಂಟ್ ಬಳಸುವವರಿಗಂತೂ ಇದು ತಿಳಿದೇ ಇರುವುದಿಲ್ಲ. ಅಲ್ಲಿ ಚಿತ್ರ ನೂರಾರು ತುಂಡುಗಳಾಗಿ ಬರುತ್ತದೆ. ನಿಮಗೆ ಬಂದ ತುಂಡನ್ನು ನಿಮ್ಮ ಕಂಪ್ಯೂಟರ್ ಅದೇ ಕ್ಷಣದಲ್ಲಿ ಇನ್ನೊಬ್ಬರಿಗೆ ಕಳಿಸುತ್ತಿರುತ್ತದೆ. ನಾನು ಇಳಿಸಿಕೊಂಡೆ ಅಷ್ಟೇ ಎಂದು ಹೇಳುವವನು ನಿಜದಲ್ಲಿ ಹಂಚಿಯೂ ಆಗಿರುತ್ತದೆ, ಅವನ ಐ.ಪಿ. ವಿಳಾಸ ಎಲ್ಲರಿಗೂ ಕಾಣುತ್ತಿರುತ್ತದೆ.

ವಿದೇಶಗಳಲ್ಲಿ ಸ್ಟುಡಿಯೋಗಳು ಜನಸಾಮಾನ್ಯರ ಬೆನ್ನು ಹತ್ತಿದ್ದು ಈ ಐ.ಪಿ. ವಿಳಾಸದ ಎಳೆ ಹಿಡಿದೇ. ಅಮೆರಿಕದ ಸಂಗೀತ ಕಂಪನಿಗಳು 2003ರಿಂದ 2008ರವರೆಗೆ ಸುಮಾರು 35,000 ಜನರ ಮೇಲೆ ಕ್ರಮ ಕೈಗೊಂಡವು. ಹಾಲಿವುಡ್ ಸ್ಟುಡಿಯೋಗಳು 2004ರ ನವೆಂಬರ್‌ನಲ್ಲಿ ಅದೇ ದಾರಿ ಹಿಡಿದವು. ಮಿನ್ನೆಸೋಟ ರಾಜ್ಯದ ಒಬ್ಬ ತಾಯಿಗೆ 24 ಹಾಡುಗಳಿಗಾಗಿ 2009ರಲ್ಲಿ ಜ್ಯೂರಿ ವಿಧಿಸಿದ ಪರಿಹಾರ 19.2 ಲಕ್ಷ ಡಾಲರ್. ಮೇಲ್ಮನವಿಗಳ ನಂತರ 2012ರಲ್ಲಿ ಅದು 2,22,000 ಡಾಲರಿಗೆ ನಿಂತಿತು. ಆಸ್ಕರ್ ಗೆದ್ದ 'ದ ಹರ್ಟ್ ಲಾಕರ್' ಚಿತ್ರದ ನಿರ್ಮಾಪಕರು 2010-11ರಲ್ಲಿ ಸುಮಾರು 25,000 ಐ.ಪಿ. ವಿಳಾಸಗಳ ಮೇಲೆ ದಾವೆ ಹೂಡಿದರು. ಇವರಲ್ಲಿ ಹೆಚ್ಚಿನವರನ್ನು ನ್ಯಾಯಾಲಯಕ್ಕೆ ಎಳೆಯುವುದು ಉದ್ದೇಶವಾಗಿರಲಿಲ್ಲ. ಪತ್ರ ಕಳಿಸಿ, ಇಷ್ಟು ಸಾವಿರ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಿ ಎನ್ನುವುದು ಲೆಕ್ಕಾಚಾರ. ಅಂಚೆಯಲ್ಲಿ ಬರುವ ಹೆದರಿಕೆಯೇ ಒಂದು ವ್ಯಾಪಾರವಾಯಿತು.

ಈ ಆಟವನ್ನು ಗುರುತಿಸಿ ತಡೆದ ನ್ಯಾಯಾಲಯಗಳೂ ಇವೆ. ಆಸ್ಟ್ರೇಲಿಯಾದಲ್ಲಿ 'ಡಲ್ಲಾಸ್ ಬಯರ್ಸ್ ಕ್ಲಬ್' ಚಿತ್ರದ ಕಂಪನಿ 4,726 ವಿಳಾಸಗಳ ಹಿಂದಿನ ಗ್ರಾಹಕರ ಹೆಸರು ಕೇಳಿತು. 2015ರಲ್ಲಿ ನ್ಯಾಯಮೂರ್ತಿ ನೈ ಪೆರಂ ಹೆಸರು ಕೊಡಿಸಲು ಒಪ್ಪಿದರೂ, ಜನರಿಗೆ ಕಳಿಸುವ ಪತ್ರವನ್ನು ಮೊದಲು ತಮಗೆ ತೋರಿಸಬೇಕೆಂದರು. ಕಂಪನಿ ಚಿತ್ರದ ಬೆಲೆಗಿಂತ ಎಷ್ಟೋ ಹೆಚ್ಚು ವಸೂಲಿ ಮಾಡಲು ಹೊರಟಿರುವುದು ಕಂಡಾಗ 6 ಲಕ್ಷ ಆಸ್ಟ್ರೇಲಿಯನ್ ಡಾಲರ್ ಠೇವಣಿ ಇಡಿ ಎಂದರು. ಮರು ವರ್ಷ ಫೆಬ್ರವರಿಯಲ್ಲಿ ಕಂಪನಿ ಪ್ರಕರಣವನ್ನೇ ಕೈಬಿಟ್ಟಿತು.

ಜರ್ಮನಿಯಲ್ಲಿ ಮಾತ್ರ ಇಂಥ ಪತ್ರಗಳು ನಿಂತಿಲ್ಲ. ಓದಲು ಹೋದ ನಮ್ಮ ಮಕ್ಕಳು ಇದನ್ನು ಗಮನಿಸಬೇಕು. ಊರಿನಲ್ಲಿದ್ದ ಅಭ್ಯಾಸದಂತೆ ಹಾಸ್ಟೆಲಿನ ವೈಫೈಯಲ್ಲಿ ಟೊರೆಂಟ್ ಹಾಕಿದ ಭಾರತೀಯ ವಿದ್ಯಾರ್ಥಿಗಳಿಗೆ ವಕೀಲರ ಕಚೇರಿಯಿಂದ ನೂರಾರು ಯೂರೋಗಳ ಬೇಡಿಕೆ ಬರುವುದು ಅಲ್ಲಿ ಸಾಮಾನ್ಯ ಸಂಗತಿ. ಸಾಲ ಮಾಡಿ ಕಳಿಸಿದ ತಂದೆತಾಯಿಗೆ ಒಂದು ಸಿನಿಮಾದ ಬೆಲೆ ಅದು. ಹೊರಡುವ ಮುನ್ನ ವೀಸಾ, ಚಳಿಯ ಬಟ್ಟೆ, ಉಪ್ಪಿನಕಾಯಿ ಎಲ್ಲದರ ಬಗ್ಗೆ ಹೇಳಿಕೊಡುವ ನಾವು ಇದನ್ನು ಹೇಳುವುದಿಲ್ಲ.

ಭಾರತದಲ್ಲಿ ಚಿತ್ರ ಕಂಪನಿಗಳು ಹಿಡಿದ ದಾರಿ ಬೇರೆ. ಇಲ್ಲಿ ನೋಡುಗರ ಮೇಲೆ ಸಾಮೂಹಿಕವಾಗಿ ದಾವೆ ಹೂಡುವುದಕ್ಕಿಂತ, ಬಿಡುಗಡೆಗೆ ಮೊದಲೇ 'ಅನಾಮಿಕ'ರ ವಿರುದ್ಧ ಹೈಕೋರ್ಟಿನಿಂದ ತಡೆಯಾಜ್ಞೆ ತಂದು ತಾಣಗಳನ್ನು ಮುಚ್ಚಿಸುವುದು ರೂಢಿ. ಇದರಲ್ಲಿಯೂ ಅತಿರೇಕ ಆಗಿದೆ. 2012ರಲ್ಲಿ 'ಕೊಲವೆರಿ' ಹಾಡಿನ ಖ್ಯಾತಿಯ '3' ಎಂಬ ತಮಿಳು ಚಿತ್ರಕ್ಕಾಗಿ ಮದ್ರಾಸ್ ಹೈಕೋರ್ಟ್ ಕೊಟ್ಟ ಆಜ್ಞೆಯನ್ನು ಇಂಟರ್ನೆಟ್ ಕಂಪನಿಗಳು ಎಷ್ಟು ವಿಶಾಲವಾಗಿ ಜಾರಿ ಮಾಡಿದವೆಂದರೆ, ವಿಮಿಯೋದಂಥ ಪ್ರಾಮಾಣಿಕ ತಾಣಗಳೂ ಮುಚ್ಚಿಹೋದವು. ಜೂನ್‌ನಲ್ಲಿ ನ್ಯಾಯಾಲಯ, ಆಜ್ಞೆ ನಿರ್ದಿಷ್ಟ ಕೊಂಡಿಗಳಿಗಷ್ಟೇ ಎಂದು ಸ್ಪಷ್ಟಪಡಿಸಬೇಕಾಯಿತು. 2019ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್ ಹೊಸ ಉಪಾಯ ಕಂಡುಕೊಂಡಿತು. ಒಂದು ತಾಣ ಹೆಸರು ಬದಲಿಸಿ ಮತ್ತೆ ತಲೆಯೆತ್ತಿದರೆ ಹೊಸ ದಾವೆ ಬೇಡ, ಅದೇ ಆಜ್ಞೆ ಅದಕ್ಕೂ ವಿಸ್ತರಿಸುತ್ತದೆ. ಆದರೂ ತಮಿಳ್‌ರಾಕರ್ಸ್ ಹೋದರೆ ಮೂವಿರೂಲ್ಜ್, ಅದು ಹೋದರೆ ಇನ್ನೊಂದು. ಬಾವಿಯ ಪಾಚಿಯನ್ನು ಕೈಯಲ್ಲಿ ಸರಿಸಿದ ಹಾಗೆ.

ಕರ್ನಾಟಕದಲ್ಲಿ ಎಲ್ಲರ ಗಮನ ಸೆಳೆದದ್ದು 'ಪೈಲ್ವಾನ್' ಪ್ರಕರಣ. 2019ರ ಸೆಪ್ಟೆಂಬರ್ 12ರಂದು ತೆರೆಕಂಡ ಸುದೀಪ್ ಅವರ ಆ ಚಿತ್ರ ತಕ್ಷಣವೇ ಅಂತರ್ಜಾಲದಲ್ಲಿ ಸೋರಿತು. ನಿರ್ಮಾಪಕರು ದೂರು ಕೊಟ್ಟರು. ಫೇಸ್‌ಬುಕ್‌ನಲ್ಲಿ ಕೊಂಡಿ ಹಂಚಿದ ಆರೋಪದ ಮೇಲೆ ಒಬ್ಬ ಯುವಕನನ್ನು ಬೆಂಗಳೂರು ಪೊಲೀಸರು ಬಂಧಿಸಿದರು. ಗಮನಿಸಿ: ಬಂಧಿತನಾದವನ ಮೇಲಿದ್ದ ಆರೋಪ ತಾಣ ನಡೆಸಿದ್ದಲ್ಲ, ಕೊಂಡಿ ಹಂಚಿದ್ದು.

ಇದಕ್ಕಿಂತ ಕಠಿಣವಾದ ಅಸ್ತ್ರವೊಂದು ನಮ್ಮ ರಾಜ್ಯದ ಬತ್ತಳಿಕೆಯಲ್ಲಿದೆ. 1985ರ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ವಿಡಿಯೋ, ಆಡಿಯೋ ನಕಲು ಮಾಡುವವರನ್ನೂ ಸೇರಿಸಲಾಯಿತು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಲು ಅವಕಾಶವಿರುವ ಕಾಯ್ದೆ ಇದು. ಆಸಿಡ್ ಎರಚುವವರು, ಲೈಂಗಿಕ ದೌರ್ಜನ್ಯ ಎಸಗುವವರು, ಭೂಗಳ್ಳರು ಇರುವ ಅದೇ ಪಟ್ಟಿಯಲ್ಲಿ ಸಿನಿಮಾ ನಕಲು ಮಾಡುವವನೂ ಇದ್ದಾನೆ. ಲಕ್ಷಾಂತರ ಹಣ ಮಾಡುವ ಜಾಲಗಳಿಗೆ ಕಠಿಣ ಶಿಕ್ಷೆ ಆಗಲಿ, ಅದು ವಿಚಾರಣೆಯ ನಂತರ ಆಗಲಿ. ಆದರೆ ಇಂಥ ಕಾಯ್ದೆ ಪ್ರಯೋಗವಾದಾಗ ಸುಲಭವಾಗಿ ಕೈಗೆ ಸಿಗುವವನು ವಿದೇಶದಲ್ಲಿ ಸರ್ವರ್ ಇಟ್ಟವನಲ್ಲ, ತಾಲೂಕು ಕೇಂದ್ರದ ಬಸ್ ನಿಲ್ದಾಣದ ಬಳಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು.

ಹಾಗೆಂದು ನಿರ್ಮಾಪಕರ ಅಳಲು ಸುಳ್ಳಲ್ಲ. ದೊಡ್ಡ ತಾರೆಯ ಚಿತ್ರ ಸೋರಿದರೂ ಅಭಿಮಾನಿಗಳು ಚಿತ್ರಮಂದಿರಕ್ಕೆ ಬರುತ್ತಾರೆ. ಸಣ್ಣ ಚಿತ್ರಕ್ಕೆ ಮೊದಲ ವಾರವೇ ಬದುಕು. ನಮ್ಮ ತುಳು ಚಿತ್ರಗಳನ್ನೇ ನೋಡಿ. ದಕ್ಷಿಣ ಕನ್ನಡ, ಉಡುಪಿ ಬಿಟ್ಟರೆ ಮುಂಬಯಿ ಮತ್ತು ಕೊಲ್ಲಿ ದೇಶಗಳ ಕೆಲವು ಪ್ರದರ್ಶನಗಳು, ಅಷ್ಟೇ ಮಾರುಕಟ್ಟೆ. ಕೊಂಕಣಿಯದ್ದು ಇನ್ನೂ ಚಿಕ್ಕದು. ಇಷ್ಟು ಪುಟ್ಟ ಪಾತ್ರೆಗೆ ಒಂದು ತೂತು ಬಿದ್ದರೂ ತಳ ಕಾಣುತ್ತದೆ. ಕಳ್ಳಪ್ರತಿಯಿಂದ ನಷ್ಟವಾಗುವವರು ಕಾರಿನಲ್ಲಿ ಓಡಾಡುವ ನಾಯಕರಲ್ಲ. ಮುಂದಿನ ಚಿತ್ರ ಆರಂಭವಾಗದಿದ್ದರೆ ಕೆಲಸ ಕಳೆದುಕೊಳ್ಳುವ ಲೈಟ್ ಹುಡುಗ, ಮೇಕಪ್ ಸಹಾಯಕ, ಸಂಕಲನಕಾರ.

ಇನ್ನೊಂದು ಮುಖವೂ ಇದೆ. ಕನ್ನಡ ಚಿತ್ರ, ಧಾರಾವಾಹಿಗಳನ್ನು ದೊಡ್ಡ ಒಟಿಟಿ ಕಂಪನಿಗಳು ಕೊಳ್ಳಲು ಹಿಂಜರಿಯುತ್ತವೆ ಎಂಬ ದೂರು ವರ್ಷಗಳಿಂದ ಇದೆ. ರಕ್ಷಿತ್ ಶೆಟ್ಟಿ ಅವರ ಸಂಸ್ಥೆ 'ಏಕಂ' ಸರಣಿಯನ್ನು ಯಾರೂ ಕೊಳ್ಳದಿದ್ದಾಗ 2024ರ ಜುಲೈಯಲ್ಲಿ ತನ್ನದೇ ತಾಣದಲ್ಲಿ ಹಣ ಪಾವತಿಸಿ ನೋಡುವಂತೆ ಬಿಡುಗಡೆ ಮಾಡಿತು. ಟಿಕೆಟ್ ಬೆಲೆಯ ವಿಷಯದಲ್ಲಿ ರಾಜ್ಯ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ 200 ರೂಪಾಯಿ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ನೀಡಿತು. ರಾಮನಾಥಪುರದ ಯುವಕನಿಗೆ ನ್ಯಾಯವಾದ ಬೆಲೆಗೆ, ಅವನ ಭಾಷೆಯಲ್ಲಿ, ಅವನ ಊರಿನಲ್ಲಿಯೇ ಚಿತ್ರ ಸಿಗುವ ವ್ಯವಸ್ಥೆ ಇಲ್ಲದಿರುವಷ್ಟು ಕಾಲ ಎಷ್ಟು ತಾಣಗಳನ್ನು ಮುಚ್ಚಿಸಿದರೂ ಬೇಡಿಕೆ ಹಾಗೆಯೇ ಉಳಿಯುತ್ತದೆ. ಹಾಡಿನ ಅನುಭವ ಇದಕ್ಕೆ ಸಾಕ್ಷಿ. ಕಡಿಮೆ ಬೆಲೆಗೆ, ಅಥವಾ ಜಾಹೀರಾತಿನೊಡನೆ ಪುಕ್ಕಟೆಯಾಗಿ, ಹಾಡು ನ್ಯಾಯವಾಗಿ ಸಿಗತೊಡಗಿದ ಮೇಲೆ ಎಂ.ಪಿ.3 ಸಿ.ಡಿ. ಮಾರುವವರು ಬೀದಿಯಿಂದ ಮಾಯವಾದರು. ಆ ಕೆಲಸ ದಾವೆಗಳಿಂದ ಆಗಲಿಲ್ಲ.

ಇನ್ನು ನಮ್ಮ ಧರ್ಮಕೇಂದ್ರಗಳ ಮಾತು. ತಪಸ್ಸುಕಾಲದಲ್ಲಿ ಇಗರ್ಜಿಯ ಸಭಾಂಗಣದಲ್ಲಿ ಪ್ರೊಜೆಕ್ಟರ್ ಹಾಕಿ ಯೇಸುವಿನ ಚಿತ್ರ ತೋರಿಸುವುದು, ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಅನಿಮೇಷನ್ ಚಿತ್ರ ಹಾಕುವುದು ಎಲ್ಲೆಡೆ ಇರುವ ವಾಡಿಕೆ. ಪೆನ್‌ಡ್ರೈವ್ ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ. ಧಾರ್ಮಿಕ ಕಾರ್ಯಕ್ಕೆ ವಿನಾಯಿತಿ ಇದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಕಾಯ್ದೆಯ 52ನೇ ಕಲಮು ನಿಜವಾಗಿ ಹೇಳುವುದೇನು? ಪ್ರಾಮಾಣಿಕ ಧಾರ್ಮಿಕ ವಿಧಿಯಲ್ಲಿ ಸಾಹಿತ್ಯ, ನಾಟಕ, ಸಂಗೀತ ಕೃತಿಗಳನ್ನೂ ಧ್ವನಿಮುದ್ರಣವನ್ನೂ ಬಳಸಬಹುದು. ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಹವ್ಯಾಸಿ ತಂಡ ನಾಟಕ, ಸಂಗೀತ ಪ್ರದರ್ಶಿಸಬಹುದು. ಈ ಎರಡು ಕಡೆಯೂ ಸಿನಿಮಾದ ಹೆಸರಿಲ್ಲ! ಶಿಕ್ಷಣ ಸಂಸ್ಥೆಯಲ್ಲಿ ಮಾತ್ರ ಸಿನಿಮಾ ತೋರಿಸಬಹುದು, ಅದೂ ಪ್ರೇಕ್ಷಕರು ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪಾಲಕರು ಮತ್ತು ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಿಸಿದವರು ಆಗಿದ್ದರೆ. ಭಾನುವಾರದ ಧರ್ಮೋಪದೇಶ ತರಗತಿ ಇದರೊಳಗೆ ಬರುತ್ತದೆಯೇ ಎಂಬುದು ವಕೀಲರು ವಾದಿಸಬಹುದಾದ ಮಾತು. ಇಡೀ ಊರಿಗೆ ತೆರೆದ ಪ್ರದರ್ಶನವಂತೂ ಬರುವುದಿಲ್ಲ. ಮನೆಯ ಒಟಿಟಿ ಚಂದಾದಿಂದ ಸಭಾಂಗಣದಲ್ಲಿ ತೋರಿಸುವುದಕ್ಕೂ ಸಾಮಾನ್ಯವಾಗಿ ಒಪ್ಪಿಗೆಯಿಲ್ಲ. ಆ ಚಂದಾ ಮನೆಯ ಬಳಕೆಗೆ.

ಇಂಥ ಪ್ರದರ್ಶನಕ್ಕಾಗಿ ಯಾವ ಸ್ಟುಡಿಯೋವೂ ಹಳ್ಳಿಯ ಇಗರ್ಜಿಯ ಮೇಲೆ ದಾವೆ ಹೂಡುವ ಸಂಭವ ಕಡಿಮೆ. ಆದರೆ ಏಳನೆಯ ಕಟ್ಟಳೆಯನ್ನು ಬಾಯಿಪಾಠ ಮಾಡಿಸುವ ಕೊಠಡಿಯಲ್ಲೇ ಮೂಲೆಯಲ್ಲಿ ಮೂವಿರೂಲ್ಜ್ ಗುರುತು ಮಿನುಗುವ ಚಿತ್ರ ಓಡುತ್ತಿದ್ದರೆ ಮಕ್ಕಳು ಎರಡನ್ನೂ ಕಲಿಯುತ್ತಾರೆ. ಇದಕ್ಕೆ ಬದಲಿ ಇಲ್ಲವೆಂದಿಲ್ಲ. 1979ರ 'ಜೀಸಸ್' ಚಿತ್ರವನ್ನು ಅದರ ಸಂಸ್ಥೆಯೇ ಹಲವು ಭಾಷೆಗಳಲ್ಲಿ ಪುಕ್ಕಟೆಯಾಗಿ ಒದಗಿಸುತ್ತದೆ. ತುಳು, ಕೊಂಕಣಿ ಚಿತ್ರಗಳ ನಿರ್ಮಾಪಕರು ನಮ್ಮ ನಡುವಿನವರೇ. ಒಂದು ಪ್ರದರ್ಶನಕ್ಕೆ ಇಷ್ಟು ಎಂದು ಮಾತನಾಡಿ ಅನುಮತಿ ಪಡೆಯುವುದು ಕಷ್ಟದ ಕೆಲಸವಲ್ಲ.

ವಾಟ್ಸಾಪ್ ಗುಂಪುಗಳ ಬಗ್ಗೆ ಒಂದು ಮಾತು. ಸದಸ್ಯ ಹಾಕಿದ ಆಕ್ಷೇಪಾರ್ಹ ಸಂದೇಶಕ್ಕೆ ಅಡ್ಮಿನ್ ತನ್ನಿಂತಾನೇ ಹೊಣೆಯಾಗುವುದಿಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದರೆ ಹಾಕಿದ ಸದಸ್ಯನಿಗೆ ಆ ರಕ್ಷಣೆ ಇಲ್ಲ. ಅದೇ ವರ್ಷ ಟೆಲಿಗ್ರಾಂ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಕದ್ದ ಪಾಠಗಳನ್ನು ಹಂಚಿದ ಚಾನೆಲ್‌ಗಳನ್ನು ನಡೆಸುವವರ ಫೋನ್ ಸಂಖ್ಯೆ ಮತ್ತು ಐ.ಪಿ. ವಿಳಾಸ ಕೊಡುವಂತೆ ಆದೇಶಿಸಿತ್ತು. ಅಡ್ಡಹೆಸರಿನ ಹಿಂದೆ ಅಡಗಿದ್ದೇನೆ ಎಂಬ ಭರವಸೆಯೂ ಉಳಿದಿಲ್ಲ. ಐ.ಸಿ.ವೈ.ಎಂ. ಘಟಕಗಳ ಮುಂದಿನ ಸಭೆಯಲ್ಲಿ ಹತ್ತು ನಿಮಿಷ ಇದಕ್ಕೆ ಮೀಸಲಿಡಬಹುದು, ವಿಶೇಷವಾಗಿ ಈ ವರ್ಷ ವಿದೇಶಕ್ಕೆ ಹೊರಡಲಿರುವವರನ್ನು ಕೂರಿಸಿಕೊಂಡು.