‘ಕೂಡಲೇ’ ಎಲ್ಲಿರಬೇಕು ಗೆಳೆಯರೇ?

ಯಶವಂತಪುರದ ನನ್ನ ಮುದ್ರಣಾಲಯಕ್ಕೆ ಮೊನ್ನೆ ಹುಡುಗರು ಕರಪತ್ರ ತಂದರು. ರಕ್ತ ಕುದಿಸುವ ಬರವಣಿಗೆ! ಆದರೆ ಮೊದಲ ಸಾಲೇ ಹೀಗಿತ್ತು: “ಕೂಡಲೇ ಕನ್ನಡ ಫಲಕ ಹಾಕದ ಅಂಗಡಿಗಳ ಮೇಲೆ ಕ್ರಮ ಕೈಗೊಳ್ಳಿ.”

ಏನಿದರ ಅರ್ಥ? ಫಲಕ ಕೂಡಲೇ ಹಾಕಬೇಕಿತ್ತೇ, ಕ್ರಮ ಕೂಡಲೇ ಆಗಬೇಕೇ? ಕನ್ನಡ ಬೇಡವಾದ ಅಧಿಕಾರಿಗೆ ಇಂಥ ಗೊಂದಲವೇ ಹಬ್ಬ! ಮನವಿ ಸ್ಪಷ್ಟವಿಲ್ಲವೆಂದು ಕಡತ ಮುಚ್ಚುತ್ತಾನೆ.

ಒಂದೇ ಪದ ಸರಿಸಿ: “ಕನ್ನಡ ಫಲಕ ಹಾಕದ ಅಂಗಡಿಗಳ ಮೇಲೆ ಕೂಡಲೇ ಕ್ರಮ ಕೈಗೊಳ್ಳಿ.” ಈಗ ನುಣುಚಿಕೊಳ್ಳಲಿ ನೋಡೋಣ!

ಕನ್ನಡ ವಾಕ್ಯದ ಬಲ ಕೊನೆಯ ಕ್ರಿಯಾಪದದಲ್ಲಿದೆ. ಕ್ರಿಯಾವಿಶೇಷಣವಾದರೋ ತನ್ನ ಮುಂದೆ ಮೊದಲು ಸಿಕ್ಕ ಕ್ರಿಯೆಗೇ ಅಂಟಿಕೊಳ್ಳುತ್ತದೆ. ‘ಹಾಕದ’ ಎಂಬುದೂ ಕ್ರಿಯೆಯೇ! “ನಿನ್ನೆ ಬಂದ ಅಧಿಕಾರಿಗೆ ಮನವಿ ಕೊಟ್ಟೆವು” ಎಂದರೆ ನಿನ್ನೆ ಬಂದವನು ಅಧಿಕಾರಿ. “ಬಂದ ಅಧಿಕಾರಿಗೆ ನಿನ್ನೆ ಮನವಿ ಕೊಟ್ಟೆವು” ಎಂದರೆ ನಿನ್ನೆ ಕೊಟ್ಟವರು ನಾವು. ವಾಕ್ಯದಲ್ಲಿ ಒಂದೇ ಕ್ರಿಯೆಯಿದ್ದರೆ ಧಾರಾಳವಾಗಿ ಮುಂದಕ್ಕೆ ತನ್ನಿ: “ಇಂದೇ ಫಲಕ ಬದಲಿಸಿ!” ಅದು ಗುಡುಗು.

2023ರ ಡಿಸೆಂಬರ್ 27ರಂದು ನಮ್ಮ ಸಾದಹಳ್ಳಿಯಿಂದಲೇ ನಾಮಫಲಕ ಹೋರಾಟ ಹೊರಟಿತು. 2024ರಲ್ಲಿ ಫಲಕದ ಶೇ. 60 ಭಾಗ ಕನ್ನಡವಿರಬೇಕೆಂದು ಕಾಯ್ದೆಯೇ ತಿದ್ದುಪಡಿಯಾಯಿತು. ಬೀದಿಯಲ್ಲಿ ಗೆದ್ದದ್ದನ್ನು ವಾಕ್ಯದಲ್ಲಿ ಸೋಲುವುದೇ? ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವುದು ಅಭಿಮಾನವೇ?

ತರುಣರೇ, ಅಚ್ಚಿಗೆ ಕೊಡುವ ಮುನ್ನ ಪ್ರತಿ ಸಾಲನ್ನೂ ಒಮ್ಮೆ ಗಟ್ಟಿಯಾಗಿ ಓದಿ. ಕನ್ನಡದ ಕಿವಿ ಸುಳ್ಳು ಹೇಳುವುದಿಲ್ಲ. ಬೇರೆಯವರ ಫಲಕ ತಿದ್ದಲು ಹೊರಟವರು ಮೊದಲು ನಮ್ಮ ಕರಪತ್ರ ತಿದ್ದೋಣ. ಕೂಡಲೇ!