ವೈಮಾನಿಕನ ಕಣ್ಣಿನಲ್ಲಿ ದಖ್ಖಣದ ಬಿಸಿಲು

‘ತಾಳಿದವನು ಬಾಳಿಯಾನು’ ಎಂಬುದು ಕನ್ನಡ ನಾಡಿನ ಮನೆಮನೆಯ ಮಾತು. ಬಡತನವನ್ನು, ಪರಸ್ಥಳದ ಒಂಟಿತನವನ್ನು ತಾಳಿಕೊಂಡು ಬಾಳಿದವರಿಂದಲೇ ಹೈದರಾಬಾದಿನಂತಹ ಮಹಾನಗರದಲ್ಲಿ ಕನ್ನಡಿಗರ ಒಂದು ಪುಟ್ಟ ಲೋಕ ಬೆಳೆದು ನಿಂತಿದೆ. ಆದರೆ ಈ ಗಾದೆಯನ್ನು ಅನ್ವಯಿಸಬಾರದ ಸಂಗತಿಯೊಂದುಂಟು, ಅದೇ ಬಿಸಿಲು. ಬೀದರ್, ಕಲಬುರಗಿ, ರಾಯಚೂರುಗಳಿಂದ ಬಂದವರು “ನಾವು ಬಿಸಿಲ ನಾಡಿನವರು, ನಮಗೇನು?” ಎನ್ನುತ್ತಾರೆ. ಮಲೆನಾಡು, ಕರಾವಳಿಗಳಿಂದ ಬಂದವರು ಎರಡು ಬೇಸಿಗೆ ಕಳೆದ ಮೇಲೆ “ಅಭ್ಯಾಸವಾಗಿಹೋಯಿತು” ಎನ್ನುತ್ತಾರೆ. ಇಬ್ಬರೂ ಬಿಸಿಲನ್ನು ತಾಳ್ಮೆಯ ಪರೀಕ್ಷೆಯೆಂದೇ ಭಾವಿಸಿದ್ದಾರೆ. ಈ ಭಾವನೆ ಎಷ್ಟು ಅಪಾಯಕರವಾದುದೆಂಬುದನ್ನು ಅರಿಯಬೇಕಾದರೆ, ಮೇ ತಿಂಗಳ ಒಂದು ಮಧ್ಯಾಹ್ನ ಶಂಶಾಬಾದಿನ ನಿಲ್ದಾಣದಲ್ಲಿ ಹಾರಾಟಕ್ಕೆ ಸಿದ್ಧನಾಗುವ ವೈಮಾನಿಕನ ಕಣ್ಣಿನಿಂದ ಬಿಸಿಲನ್ನು ನೋಡಬೇಕು.

ಅಂಕಿಯಾಗಿ ಕಾಣುವ ಬಿಸಿಲು

ದಖ್ಖಣದ ಈ ಬಿಸಿನೆಲಕ್ಕೂ ವೈಮಾನಿಕರಿಗೂ ಇರುವ ನಂಟು ಹಳೆಯದು. ನಿಜಾಮರ ಕಾಲದ ಡೆಕ್ಕನ್ ಏರ್‌ವೇಸ್ ಸಂಸ್ಥೆ ಬೇಗಂಪೇಟೆಯನ್ನು ನೆಲೆಯಾಗಿ ಮಾಡಿಕೊಂಡಿದ್ದು, 1953ರಲ್ಲಿ ರಾಷ್ಟ್ರೀಕರಣಗೊಂಡು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಸೇರಿಹೋಯಿತು. ದುಂಡಿಗಲ್, ಹಕೀಂಪೇಟೆ, ಬೀದರ್‌ಗಳ ಬಿಸಿಲಿನಲ್ಲಿಯೇ ವಾಯುಸೇನೆಯ ಎಷ್ಟೋ ತರುಣರು ಹಾರಾಟವನ್ನು ಕಲಿತಿದ್ದಾರೆ. 2008ರ ಮಾರ್ಚ್‌ನಲ್ಲಿ ಹೈದರಾಬಾದಿನ ನಾಗರಿಕ ವಿಮಾನ ಸಂಚಾರವು ಬೇಗಂಪೇಟೆಯಿಂದ ಶಂಶಾಬಾದಿಗೆ ಸ್ಥಳಾಂತರಗೊಂಡಿತು.

ಶಂಶಾಬಾದ್ ಸಮುದ್ರ ಮಟ್ಟದಿಂದ ಸುಮಾರು 2,000 ಅಡಿ ಎತ್ತರದಲ್ಲಿದೆ. ಸಮುದ್ರ ಮಟ್ಟದಲ್ಲಿ 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ಆಧಾರವಾಗಿಟ್ಟುಕೊಂಡು, ಮೇಲೇರಿದಂತೆ ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಕಳೆಯುತ್ತ ಹೋಗುವುದು ವಿಮಾನಶಾಸ್ತ್ರದ ಲೆಕ್ಕ. ಅದರಂತೆ ಈ ಊರಿಗೆ 11 ಡಿಗ್ರಿ ಸಲ್ಲಬೇಕು. ಮೇ ತಿಂಗಳ ಮಧ್ಯಾಹ್ನ ಇಲ್ಲಿ ಉಷ್ಣತೆ 42 ಡಿಗ್ರಿಯನ್ನು ಮುಟ್ಟಿತೆನ್ನಿ. ಕಾದ ಗಾಳಿ ತೆಳುವಾಗುತ್ತದೆ. ರೆಕ್ಕೆಗಳಿಗೆ ಆಸರೆ ಕಡಿಮೆಯಾಗುತ್ತದೆ, ಎಂಜಿನ್ನಿನ ಬಲವೂ ಕುಗ್ಗುತ್ತದೆ. ಆಗ ವಿಮಾನದ ಪಾಲಿಗೆ ಶಂಶಾಬಾದ್ 2,000 ಅಡಿ ಎತ್ತರದ ಊರಾಗಿ ಉಳಿಯುವುದಿಲ್ಲ. ಸುಮಾರು 5,700 ಅಡಿ ಎತ್ತರದ ಊರಾಗಿಬಿಡುತ್ತದೆ. ನಂದಿಬೆಟ್ಟದ ನೆತ್ತಿಯೇ 4,850 ಅಡಿ! ಬಯಲಿನಲ್ಲಿ ನಿಂತಿರುವ ವಿಮಾನವು ಗಾಳಿಯ ಲೆಕ್ಕದಲ್ಲಿ ನಂದಿಬೆಟ್ಟಕ್ಕಿಂತ ಎತ್ತರದಿಂದ ಹಾರಬೇಕಾಗುತ್ತದೆ.

ಆದುದರಿಂದ ವೈಮಾನಿಕನು ಗಗನಕ್ಕೇರುವ ಮೊದಲು ಉಷ್ಣತೆಯನ್ನು ಕೇಳಿ ತಿಳಿದು, ಎಷ್ಟು ಭಾರ ಹೊರಬಹುದು, ಎಷ್ಟು ದೂರ ಓಡಬೇಕು ಎಂಬುದನ್ನು ಲೆಕ್ಕ ಹಾಕುತ್ತಾನೆ. ಇಲ್ಲಿಯ ಮುಖ್ಯ ಓಡುದಾರಿ 4,260 ಮೀಟರು ಉದ್ದವಿರುವುದರಿಂದ ಅವಕಾಶ ಸಾಕಷ್ಟಿದೆ. ಅವಕಾಶ ಸಾಲದಿದ್ದಾಗ ಸರಕನ್ನಾಗಲೀ ಪ್ರಯಾಣಿಕರನ್ನಾಗಲೀ ಇಳಿಸಬೇಕು, ಇಲ್ಲವೇ ಹೊತ್ತು ಇಳಿಯುವವರೆಗೆ ಕಾಯಬೇಕು. 2017ರ ಜೂನ್‌ನಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ ಬಿಸಿಲು 48 ಡಿಗ್ರಿಯ ಆಸುಪಾಸಿಗೆ ಏರಿದಾಗ, ಆ ಮಿತಿಯನ್ನು ದಾಟಲಾಗದ ಹತ್ತಾರು ಸಣ್ಣ ವಿಮಾನಗಳ ಹಾರಾಟವನ್ನೇ ರದ್ದುಪಡಿಸಲಾಯಿತು. “ಈ ವಿಮಾನಕ್ಕೆ ಬಿಸಿಲು ಅಭ್ಯಾಸವಾಗಿದೆ, ಹಾರಿಸಿಬಿಡೋಣ” ಎಂದು ಯಾವ ವೈಮಾನಿಕನೂ ಹೇಳಲಿಲ್ಲ, ಹೇಳುವಂತೆಯೂ ಇಲ್ಲ.

ವಿಮಾನದ ನೆರಳಿನಲ್ಲಿ ನಿಂತವರು

ಹಾರಾಟಕ್ಕೆ ಮುನ್ನ ವಿಮಾನವನ್ನು ಒಂದು ಸುತ್ತು ಬಂದು ಕಣ್ಣಾರೆ ಪರೀಕ್ಷಿಸುವುದು ನಿಯಮ. ಕಾದ ಕಾಂಕ್ರೀಟಿನ ಮೇಲೆ ಆ ಕೆಲವು ನಿಮಿಷಗಳನ್ನು ಕಳೆಯುವಾಗ, ತನ್ನ ಲೆಕ್ಕದಲ್ಲಿ ಎಲ್ಲಿಯೂ ಬಾರದ ಮನುಷ್ಯರು ವೈಮಾನಿಕನ ಕಣ್ಣಿಗೆ ಬೀಳುತ್ತಾರೆ. ಪೆಟ್ಟಿಗೆಗಳನ್ನು ಎತ್ತಿ ಹೊಟ್ಟೆಯೊಳಕ್ಕೆ ತುಂಬುವವರು, ಇಂಧನದ ಕೊಳವೆ ಹಿಡಿದವರು, ಚಕ್ರಗಳಿಗೆ ಅಡ್ಡಗಟ್ಟೆ ಇಡುವವರು. ಹವಾಮಾನ ಇಲಾಖೆಯ 42 ಡಿಗ್ರಿ ಎಂಬುದು ನೆರಳಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯೊಳಗೆ ಅಳೆದ ಉಷ್ಣತೆ. ಬಯಲಿನಲ್ಲಿ ದುಡಿಯುವವನ ಮೈಗೆ ತಗಲುವ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು. ಇಪ್ಪತ್ತೈದು ಮೂವತ್ತು ನಿಮಿಷಗಳಲ್ಲಿ ವೈಮಾನಿಕನು 35,000 ಅಡಿಯ ಮೇಲಿರುತ್ತಾನೆ. ಅಲ್ಲಿ ಗಾಜಿನಾಚೆ ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿ. ಕೆಳಗೆ ನಿಂತವನು ಮುಂದಿನ ವಿಮಾನಕ್ಕಾಗಿ ಅದೇ ಬಿಸಿಲಿನಲ್ಲಿ ಕಾಯುತ್ತಿರುತ್ತಾನೆ.

ವೈಮಾನಿಕನ ದಣಿವಿಗೂ ಲೆಕ್ಕವುಂಟು. ವರ್ಷಕ್ಕೆ 1,000 ಗಂಟೆಗಿಂತ ಹೆಚ್ಚು ಹಾರುವಂತಿಲ್ಲ. ವಾರದ ವಿಶ್ರಾಂತಿಯನ್ನು 2025ರ ಜುಲೈಯಲ್ಲಿ 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸಲಾಯಿತು. ಇದು ಯುಕ್ತವೇ ಸರಿ. ನೂರಾರು ಜೀವಗಳು ಆತನ ಕೈಯಲ್ಲಿವೆ. ಆದರೆ ಬಿಸಿಲೇರಿದಂತೆ ವಿಮಾನದ ಭಾರವನ್ನು ಇಳಿಸಲು ಕೋಷ್ಟಕವಿರುವಾಗ, ಮನುಷ್ಯನ ತಲೆಯ ಮೇಲಿನ ಹೊರೆಯನ್ನು ಇಳಿಸಲು ನಗರದ ಬಹುಪಾಲು ಕೆಲಸದ ಜಾಗಗಳಲ್ಲಿ ಅಂತಹ ಕೋಷ್ಟಕ ಏಕಿಲ್ಲ? ಯಂತ್ರಕ್ಕೆ ಸಲ್ಲುವ ಗೌರವ ಶರೀರಕ್ಕೆ ಸಲ್ಲಬಾರದೇ?

ಶರೀರದ ಲೆಕ್ಕ

ಶರೀರವೂ ನಿಯಮಗಳಿಗೆ ಕಟ್ಟುಬಿದ್ದ ಯಂತ್ರವೇ. ಅದರ ಸಹಜ ಉಷ್ಣತೆ ಸುಮಾರು 37 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾದಾಗ ಒಳಗಿನ ಶಾಖವನ್ನು ಹೊರಹಾಕಲು ಬೆವರೊಂದೇ ದಾರಿ. ಬೆವರು ಆರಿದರೆ ಮಾತ್ರ ಮೈ ತಂಪಾಗುತ್ತದೆ. ಗಾಳಿಯಾಡದ ಹೋಟೆಲಿನ ಅಡುಗೆಮನೆಯಲ್ಲಿ, ಇಡ್ಲಿಯ ಹಬೆ ಮತ್ತು ದೋಸೆಯ ಕಾವಲಿಗಳ ನಡುವೆ, ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಹೃದಯಕ್ಕೆ ದುಡಿಮೆ ಹೆಚ್ಚುತ್ತದೆ. ಸ್ನಾಯು ಸೆಳೆತ, ತಲೆಸುತ್ತು, ವಾಕರಿಕೆ ಕಾಣಿಸಿಕೊಳ್ಳುತ್ತವೆ. ಇವು ಮೊದಲ ಎಚ್ಚರಿಕೆಗಳು. ಶರೀರದ ಉಷ್ಣತೆ 40 ಡಿಗ್ರಿಯನ್ನು ಮೀರಿ ಮಾತು ತಡವರಿಸಿ ಪ್ರಜ್ಞೆ ಮಸುಕಾದರೆ ಅದೇ ಉಷ್ಣಾಘಾತ, ಪ್ರಾಣಾಪಾಯದ ಸ್ಥಿತಿ.

ಶರೀರವು ಬಿಸಿಲಿಗೆ ಹೊಂದಿಕೊಳ್ಳುವುದು ನಿಜ. ಅದಕ್ಕೆ ಒಂದೆರಡು ವಾರ ಬೇಕು. ಆದರೆ ಆ ಹೊಂದಿಕೆ ಶಾಶ್ವತವಲ್ಲ. ತಂಪಿನಲ್ಲಿ ಒಂದು ತಿಂಗಳು ಕಳೆದರೆ ಅದರ ಬಹುಭಾಗ ಅಳಿಸಿಹೋಗುತ್ತದೆ. ರಾಯಚೂರಿನಲ್ಲಿ ಹುಟ್ಟಿ ಹವಾನಿಯಂತ್ರಿತ ಕಚೇರಿಯಲ್ಲಿ ವರ್ಷಗಳನ್ನು ಕಳೆದವನು ಶರೀರದ ದೃಷ್ಟಿಯಿಂದ ಬಿಸಿಲ ನಾಡಿನವನಾಗಿ ಉಳಿದಿರುವುದಿಲ್ಲ. ಊರಿನ ಹೆಸರು ಛತ್ರಿಯಲ್ಲ!

ಯಾರಿಗಾದರೂ ಉಷ್ಣಾಘಾತವಾದರೆ ತಡಮಾಡದೆ ನೆರಳಿಗೆ ಸಾಗಿಸಿ, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು; ಜೊತೆಜೊತೆಗೇ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು. ಬೆವರಿ ದಣಿದವರಿಗೆ ಉಪ್ಪು ಬೆರೆಸಿದ ಮಜ್ಜಿಗೆ, ಅಂಬಲಿ, ಅಥವಾ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನೀಯ ಹಿತಕರ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆಗಳಿರುವವರು ಬೇಸಿಗೆಗೆ ಮೊದಲೇ ವೈದ್ಯರ ಸಲಹೆ ಪಡೆಯುವುದು ಲೇಸು.

ಮೂಸಿ ನದಿಯ ಪಾಠ

ಶಂಶಾಬಾದಿನಿಂದ ಮೇಲೇರಿದ ವಿಮಾನದ ಕಿಟಕಿಯಿಂದ ಹಿಮಾಯತ್ ಸಾಗರ, ಉಸ್ಮಾನ್ ಸಾಗರಗಳ ನೀರು ಹೊಳೆಯುವುದನ್ನು ಕಾಣಬಹುದು. ಈ ಕೆರೆಗಳ ಹಿಂದೆ ಒಬ್ಬ ಕನ್ನಡಿಗರ ಬುದ್ಧಿಯಿದೆ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಸಹಸ್ರಾರು ಜನರನ್ನು ಬಲಿತೆಗೆದುಕೊಂಡಿತು. ನಿಜಾಮರ ಸರ್ಕಾರ ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಮಳೆಯನ್ನೂ ಹರಿವನ್ನೂ ಲೆಕ್ಕ ಹಾಕಿ, ನದಿ ನಗರವನ್ನು ಮುಟ್ಟುವ ಮೊದಲೇ ನೀರನ್ನು ತಡೆಹಿಡಿಯುವ ಜಲಾಶಯಗಳನ್ನು ಸೂಚಿಸಿದರು. ಪ್ರವಾಹವನ್ನು ತಾಳಿಕೊಳ್ಳಿರೆಂದು ಆ ಮಹನೀಯರು ಉಪದೇಶಿಸಲಿಲ್ಲ. ಅಳೆದು, ಮುಂಚಿತವಾಗಿ ಕಟ್ಟೆ ಕಟ್ಟಿರೆಂದರು.

ಬಿಸಿಲೂ ಒಂದು ಪ್ರವಾಹವೇ. ಸದ್ದಿಲ್ಲದೆ ಬರುತ್ತದೆಂಬುದಷ್ಟೇ ವ್ಯತ್ಯಾಸ. 2015ರ ಬೇಸಿಗೆಯಲ್ಲಿ ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರು ಬಿಸಿಗಾಳಿಗೆ ಬಲಿಯಾದರು. ಅವರಲ್ಲಿ ಬಹುಪಾಲು ಆಂಧ್ರಪ್ರದೇಶ ಮತ್ತು ತೆಲಂಗಾಣದವರು. ತೆಲಂಗಾಣ ಸರ್ಕಾರವು 2023ರಲ್ಲಿ ಮಾಳಿಗೆಗಳನ್ನು ತಂಪಾಗಿಡುವ ನೀತಿಯೊಂದನ್ನು ಜಾರಿಗೆ ತಂದಿತು. 2025ರ ಏಪ್ರಿಲ್‌ನಲ್ಲಿ ಬಿಸಿಗಾಳಿಯನ್ನು ರಾಜ್ಯದ ವಿಪತ್ತೆಂದು ಘೋಷಿಸಿ ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಪರಿಹಾರವನ್ನು ಗೊತ್ತುಪಡಿಸಿತು. ಇವು ಸ್ವಾಗತಾರ್ಹ ಕ್ರಮಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸತ್ತ ಮೇಲಿನ ಪರಿಹಾರಕ್ಕಿಂತ ಸಾಯದಂತೆ ತಡೆಯುವ ಲೆಕ್ಕ ಮಿಗಿಲಲ್ಲವೇ?

ಮಾಡಬೇಕಾದುದೇನು?

ಕೆಲಸ ನಿಲ್ಲಿಸಿದರೆ ಕೂಲಿ ಹೋಗುತ್ತದೆ, ಅಡುಗೆ ನಿಂತರೆ ಗಿರಾಕಿ ಹೋಗುತ್ತಾನೆ ಎಂಬ ಆಕ್ಷೇಪಣೆ ಬರುವುದು ಸಹಜ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ವಿಮಾನವು ಬಿಸಿಲಿಗಾಗಿ ಹಾರಾಟವನ್ನೇ ಬಿಡುವುದಿಲ್ಲ. ಹೊತ್ತನ್ನೂ ಭಾರವನ್ನೂ ಬದಲಿಸಿಕೊಳ್ಳುತ್ತದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯವರೆಗೆ ಬಯಲಿನ ದುಡಿಮೆಗೆ ನಿಷೇಧವಿದೆ; ಅದರಿಂದ ಅಲ್ಲಿ ಕಟ್ಟಡಗಳೇಳುವುದು ನಿಂತಿಲ್ಲ. ಕೂಲಿಯನ್ನು ಕಡಿತಗೊಳಿಸದೆ ಮುಂಜಾನೆ ಬೇಗ ಆರಂಭಿಸಿ ನಡುಹಗಲಿನಲ್ಲಿ ಬಿಡುವು ಕೊಡುವುದು ಇಲ್ಲಿಯೂ ಸಾಧ್ಯ.

ಇದರಲ್ಲಿ ಕನ್ನಡಿಗರ ಪಾಲೂ ಇದೆ. ನಗರದ ಹೋಟೆಲುಗಳ ಮಾಲೀಕರಲ್ಲಿ ಕನ್ನಡಿಗರುಂಟು, ಗುತ್ತಿಗೆದಾರರಲ್ಲಿ ಉಂಟು. ಯಾದಗಿರಿ, ರಾಯಚೂರುಗಳಿಂದ ಬಂದು ಕಲ್ಲು ಮಣ್ಣು ಹೊರುವವರಲ್ಲಿಯೂ ಉಂಟು. ಪ್ರತಿಯೊಂದು ಅಡುಗೆಮನೆಯ ಗೋಡೆಗೆ ಒಂದು ಉಷ್ಣಮಾಪಕ, ಹೊಗೆಯನ್ನೂ ಹಬೆಯನ್ನೂ ಹೊರಗೆಳೆಯುವ ಒಂದು ಫ್ಯಾನು, ಗಂಟೆಗೊಮ್ಮೆ ಹತ್ತು ನಿಮಿಷದ ಬಿಡುವು, ಹೊಸದಾಗಿ ಬಂದ ಹುಡುಗನಿಗೆ ಮೊದಲ ವಾರ ಅರ್ಧ ಕೆಲಸ: ಇವು ದೊಡ್ಡ ಖರ್ಚಿನ ಮಾತುಗಳಲ್ಲ. ಊರಿನ ಹಿರಿಯರು ದಾರಿಹೋಕರಿಗಾಗಿ ಅರವಟ್ಟಿಗೆಗಳನ್ನು ಇಡುತ್ತಿದ್ದರು. ಕನ್ನಡ ಸಂಘಗಳು ಆ ಸಂಪ್ರದಾಯವನ್ನು ಕಟ್ಟಡ ಕೆಲಸ ನಡೆಯುವ ಸ್ಥಳಗಳ ಬಳಿ ಮುಂದುವರಿಸಿ, ನೀರಿನ ಕೊಡದ ಪಕ್ಕದಲ್ಲಿ ಅಂದಿನ ಉಷ್ಣತೆಯನ್ನು ಬರೆದ ಹಲಗೆಯನ್ನೂ ಇಟ್ಟರೆ ಅದು ಸಮಾಜಕ್ಕೆ ಮಾಡಿದ ನಿಜವಾದ ಸೇವೆಯಾದೀತು.

ಸಂಜೆ ಇಳಿಬಿಸಿಲಿನಲ್ಲಿ ವೈಮಾನಿಕನು ಮತ್ತೆ ಶಂಶಾಬಾದಿಗೆ ಬಂದಿಳಿಯುತ್ತಾನೆ. ಮಧ್ಯಾಹ್ನ ಪೆಟ್ಟಿಗೆ ತುಂಬಿದವನೇ ಈಗಲೂ ಚಕ್ರಕ್ಕೆ ಅಡ್ಡಗಟ್ಟೆ ಇಡಲು ಬರುತ್ತಾನೆ. ಆತನೂ ಆರೋಗ್ಯವಾಗಿ ತನ್ನ ಮನೆಗೆ ಮರಳಿದರೆ ಮಾತ್ರ ಆ ದಿನದ ಹಾರಾಟ ಸುರಕ್ಷಿತವಾಗಿ ಮುಗಿಯಿತೆನ್ನಬಹುದು. ಬಿಸಿಲಿನ ವಿಷಯದಲ್ಲಿ ತಾಳಿದವನು ಬಾಳುತ್ತಾನೆಂಬ ಭರವಸೆಯಿಲ್ಲ. ಅಳೆದು ನಡೆದವನು ತಾನೂ ಬಾಳಿಯಾನು, ಪರರನ್ನೂ ಬಾಳಿಸಿಯಾನು.